ಪಕ್ಕದಲ್ಲಿ ಕೂರುವವರು

ಹೆಂಡತಿ ನಿಮ್ಫಾ ತೀರಿಕೊಂಡ ಮೇಲೆ ಹಾಲ್ವರನಿಗೆ ಒಂದು ಭಯ ಗಂಟುಬಿದ್ದಿತ್ತು. ತಾನೂ ಒಂದು ದಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಸಾಯುತ್ತೇನೆ, ವಾಸನೆ ಬಂದ ಮೇಲೆ ಮನೆಯ ಒಡತಿ ಮೂಗು ಮುಚ್ಚಿಕೊಂಡು ಬಾಗಿಲು ಒಡೆಸುತ್ತಾಳೆ ಎಂಬ ಭಯ. ಸೆಬು ನಗರದಲ್ಲಿ ಅವನ ಮೇಲಿನ ಮಹಡಿಯಲ್ಲಿದ್ದ ಜರ್ಮನಿಯ ಮುದುಕನಿಗೆ ಹಾಗೇ ಆಗಿತ್ತು. ಅಷ್ಟೂ ದಿನ ಆ ಮುದುಕನ ಟೀವಿ ಮಾತ್ರ ಹಾಡುತ್ತಲೇ ಇತ್ತು, ಹಾಲ್ವರ್ ಕೆಳಗೆ ಮಲಗಿ ಅದನ್ನು ಬೈಯುತ್ತಲೇ ಇದ್ದ. ವಿಷಯ ತಿಳಿದ ಮೇಲೆ ಅವನು ತನ್ನ ಮನೆಯ ಟೀವಿಯನ್ನೂ ಮಾರಿಬಿಟ್ಟ.

ಸೆಬು ಸಾಕಾಗಿತ್ತು. ಎಲ್ಲಿ ನೋಡಿದರೂ ವಾಹನ, ಹೊಗೆ, ನೂಕುನುಗ್ಗಲು. ಪಕ್ಕದ ಬಾಗಿಲಿನವರ ಹೆಸರು ಕೂಡ ಗೊತ್ತಿರುವುದಿಲ್ಲ. ಚಿಕ್ಕ ಊರಿಗೆ ಹೋಗಿ ಇರೋಣ, ಅಲ್ಲಾದರೆ ಸತ್ತ ದಿನವೇ ಗೊತ್ತಾಗುತ್ತದೆ ಎಂದು ಅವನ ಲೆಕ್ಕಾಚಾರ. ಜೊತೆಗೆ ಡೆಸ್ ಸೇರಿಕೊಂಡ. ಡೆಸ್ ಅವನಿಗಿದ್ದ ಒಬ್ಬನೇ ಗೆಳೆಯ, ಆಸ್ಟ್ರೇಲಿಯಾದ ಗಣಿಯಲ್ಲಿ ಲಾರಿ ಓಡಿಸಿ ನಿವೃತ್ತನಾದವನು. ಮೂರು ಮದುವೆ ಮಾಡಿಕೊಂಡು ಮೂರನ್ನೂ ಮುರಿದುಕೊಂಡಿದ್ದ. ಒಬ್ಬಳು ಮಗಳಿದ್ದಾಳೆ, ಕ್ರಿಸ್‌ಮಸ್‌ಗೂ ಫೋನ್ ಮಾಡುವವಳಲ್ಲ. ಇಷ್ಟಿದ್ದೂ ಡೆಸ್‌ನ ಬಾಯಿ ಮಾತ್ರ ಗುಂಡಿನ ಹಾಗೆ ಸಿಡಿಯುತ್ತಿತ್ತು. ನಾರ್ವೆಯ ಹಡಗುಗಳ ಇಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದ ಹಾಲ್ವರನದು ಎಣಿಸಿ ಆಡುವ ಮಾತು.

ಊರು ಹೋಲಿಸುವ ಬಿಳಿಯರನ್ನು ನೋಡಬೇಕು ನೀವು. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೂ ಅಷ್ಟು ಹುಳುಕು ಹುಡುಕುವುದಿಲ್ಲ. ಬಿಯರ್ ಎಷ್ಟು, ಕರೆಂಟು ಎಷ್ಟು ಸಲ ಹೋಗುತ್ತದೆ, ನಾಯಿ ಬೊಗಳುತ್ತದೆಯೇ, ಕೋಳಿ ಕೂಗುತ್ತದೆಯೇ, ಬ್ರೆಡ್ಡಿಗೆ ಸಕ್ಕರೆ ಹಾಕುತ್ತಾರೆಯೇ? ಡೆಸ್‌ಗೆ ಡುಮಗೆಟೆ ಊರು ಹಿಡಿಸಿತ್ತು. ಸಮುದ್ರದ ದಂಡೆಗೆ ಉದ್ದದ ರಸ್ತೆ, ಕಾಲೇಜು ಹುಡುಗ ಹುಡುಗಿಯರು, ಕೂತು ಹರಟುವುದಕ್ಕೆ ತಮ್ಮಂಥ ಮುದುಕರು. ಹಾಲ್ವರನಿಗೆ ರೋಹಾಸ್ ಊರಿನ ಮೇಲೆ ಮನಸ್ಸು. ಅಲ್ಲಿ ಮೀನು ಅಗ್ಗ, ಜನ ಕಡಿಮೆ, ಸದ್ದಿಲ್ಲ. ತಿಂಗಳುಗಟ್ಟಲೆ ಕಿತ್ತಾಡಿ ಕೊನೆಗೆ ಒಂದು ರಾಜಿಯಾಯಿತು. ಮೊದಲು ಡುಮಗೆಟೆಯಲ್ಲಿ ಸ್ವಲ್ಪ ದಿನ ಇದ್ದು ನೋಡುವುದು, ಆಮೇಲೆ ರೋಹಾಸ್. ಕೊನೆಗೂ ಒಪ್ಪಿಗೆ ಆಗದಿದ್ದರೆ ಅವನ ದಾರಿ ಅವನಿಗೆ, ಇವನ ದಾರಿ ಇವನಿಗೆ.

ಡುಮಗೆಟೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಸಮುದ್ರದ ಎದುರಿನ ಹೋಟೆಲಿನಲ್ಲಿ ಕೂತಿದ್ದರು. ನಡುವೆ ವಿನೆಗರ್‌ನಲ್ಲಿ ಕಲಸಿದ ಹಸಿ ಮೀನಿನ ತಟ್ಟೆ. ಹಿಂದಿನ ದಿನವಷ್ಟೇ ಊರಿನ ದೊಡ್ಡ ಆಸ್ಪತ್ರೆಯನ್ನು ಅಂಗಡಿ ನೋಡುವವರ ಹಾಗೆ ಸುತ್ತು ಹಾಕಿ ಬಂದಿದ್ದರು.

“ಆಸ್ಪತ್ರೆಗೆ ಹತ್ತಕ್ಕೆ ಒಂಬತ್ತು ಕೊಡ್ತೀನಿ,” ಅಂದ ಡೆಸ್. “ಹೃದಯದ ಡಾಕ್ಟರಿದಾರೆ, ಸ್ಕ್ಯಾನ್ ಮಿಷನ್ ಇದೆ, ಲಿಫ್ಟೂ ಓಡುತ್ತೆ. ನಿನ್ನ ರೋಹಾಸಲ್ಲಿ ಏನಿದೆ ಹೇಳು? ಏಡಿ ಇದೆ.”

“ಏಡಿ ತಿಂದೋನಿಗೆ ಡಾಕ್ಟರ್ ಯಾಕೆ ಬೇಕು?”

“ಎದೆ ನೋವು ಬಂದಾಗ ಏಡಿ ಕೈ ಹಿಡ್ಕೊಳ್ಳುತ್ತೆ ಬಿಡು, ಕೊಂಡಿಲಿ.”

“ನೀನು ಇಲ್ಲೇ ಇರಪ್ಪಾ. ನಾನು ಹೋಗ್ತೀನಿ.”

“ಹೋಗು ಹೋಗು. ದೂರದ ಬೆಟ್ಟ ನುಣ್ಣಗೆ. ಹೋಗಿ ವಾರಕ್ಕೇ ಅಳ್ತಾ ಫೋನ್ ಮಾಡ್ತೀಯ.”

ಹಾಲ್ವರ್ ತಿರುಗೇಟು ಕೊಡಲು ಬಾಯಿ ತೆರೆದ. ಡೆಸ್ ಅವನನ್ನು ನೋಡುತ್ತಿರಲಿಲ್ಲ. ಫೋರ್ಕು ಕೈಯಿಂದ ಜಾರಿ ತಟ್ಟೆಗೆ ಬಿತ್ತು. ಹಣೆಯ ಮೇಲೆ ಬೆವರು ಸುರಿಯುತ್ತಿತ್ತು, ಕೆಂಪು ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಎದೆಯ ಮೇಲೆ ಅಂಗೈ ಒತ್ತಿಕೊಂಡು, “ಹಾಲ್, ಯಾರೋ ಇಲ್ಲಿ ಕೂತಿದಾರೋ,” ಅಂದ, ಪಿಸುದನಿಯಲ್ಲಿ. ಹಾಗೇ ಮೇಜಿನ ಮೇಲೆ ವಾಲಿದ.

ಹೋಟೆಲಿನವರು ಹೊತ್ತುಕೊಂಡು ಬಂದು ಮೋಟಾರ್ ರಿಕ್ಷಾದಲ್ಲಿ ತುರುಕಿದರು. ಹಾಲ್ವರ್ ಡೆಸ್‌ನ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತ. ಸಾಯಬೇಡ, ಸಾಯಬೇಡ ಮಾರಾಯ ಎಂದು ದಾರಿಯುದ್ದಕ್ಕೂ ಗೊಣಗಿದ.

ಆಸ್ಪತ್ರೆಯಲ್ಲಿ ಅವರು ಒಂದು ಗಳಿಗೆಯೂ ತಡಮಾಡಲಿಲ್ಲ. ಡೆಸ್‌ನನ್ನು ಮಲಗಿಸಿದರು, ತಂತಿಗಳನ್ನು ಅಂಟಿಸಿದರು, ಸೂಜಿ ಚುಚ್ಚಿದರು. ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಹಾಲ್ವರನ ಕಡೆ ತಿರುಗಿ ಕೇಳಿದಳು: “ಸರ್, ಇವರ ಬಂತಾಯ್ ಯಾರು?”

ಬಂತಾಯ್ ಎಂದರೆ ರೋಗಿಯ ಪಕ್ಕ ಕೂರುವ ಮನೆಯವರು. ನರ್ಸ್ ಚೀಟಿ ಕೊಟ್ಟರೆ ಔಷಧಿ ಅಂಗಡಿಗೆ ಓಡುವುದು, ರಿಪೋರ್ಟು ತರುವುದು, ಮೈ ಒರೆಸುವುದು, ಮೂತ್ರದ ಪಾತ್ರೆ ಹಿಡಿಯುವುದು, ಸಲೈನ್ ಬಾಟಲಿ ಮುಗಿಯುತ್ತಾ ಬಂದರೆ ಕೂಗುವುದು, ಎಲ್ಲ ಅವರದೇ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಇಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಮನೆಯಿಂದ ಇಬ್ಬರು ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ನಿಮ್ಫಾಳ ಕೊನೆಯ ದಿನಗಳಲ್ಲಿ ಅವಳ ಅಕ್ಕತಂಗಿಯರು ಸರದಿಯ ಮೇಲೆ ಕೂತಿದ್ದರು. “ನೀವು ಮನೆಗೆ ಹೋಗಿ ಮಲಕ್ಕೊಳ್ಳಿ ಭಾವ,” ಎಂದು ಹಾಲ್ವರನನ್ನು ಕಳಿಸುತ್ತಿದ್ದರು. ಅವನು ಹೋಗಿ ಮಲಗುತ್ತಿದ್ದ. ಅವರು ಅಲ್ಲಿ ಏನೇನು ಮಾಡಿದರು ಎಂದು ಒಂದು ದಿನವೂ ಕೇಳಿದವನಲ್ಲ. ಮಿಷನ್ ಎಷ್ಟು, ಲಿಫ್ಟ್ ಎಷ್ಟು ಎಂದು ಊರೂರಿಗೆ ಅಂಕ ಹಾಕುತ್ತಿದ್ದ ಈ ಇಬ್ಬರು ಜಾಣರ ತಲೆಗೆ ಪಕ್ಕದಲ್ಲಿ ಕೂರುವುದು ಯಾರು ಎಂಬ ಪ್ರಶ್ನೆ ಹೊಳೆದೇ ಇರಲಿಲ್ಲ.

“ಮನೆಯವರು ಯಾರಾದ್ರೂ ಬರ್ತಾರಾ ಸರ್? ಹೆಂಡತಿ, ಮಕ್ಕಳು, ಸೊಸೆ?”

“ಯಾರೂ ಇಲ್ಲ. ನಾನೇ,” ಅಂದ ಹಾಲ್ವರ್.

ನರ್ಸ್ ಅವನ ನರೆತ ತಲೆ, ಊದಿದ ಮೊಣಕಾಲು ನೋಡಿದಳು. ಮುಖದಲ್ಲಿ ಸ್ವಲ್ಪ ಕನಿಕರ ಬಂತು. ಮರುಕ್ಷಣ ಚೀಟಿ ಕೈಗಿಟ್ಟು, “ಬೇಗ ತನ್ನಿ ಸರ್,” ಅಂದಳು.

ಓಡಿದ. ಆ ಔಷಧಿ ಇರುವ ಅಂಗಡಿಯನ್ನು ಬಿಸಿಲಲ್ಲಿ ಹುಡುಕಿ ತಂದ. ಬಂದರೆ ಇನ್ನೊಂದು ಚೀಟಿ ಸಿದ್ಧವಾಗಿತ್ತು. ಮತ್ತೆ ಓಡಿದ. ಪ್ರತಿ ಸಲ ಹೊರಗೆ ಕಾಲಿಟ್ಟಾಗಲೂ, ತಾನು ವಾಪಸು ಬರುವಷ್ಟರಲ್ಲಿ ಹಾಸಿಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿರುತ್ತಾರೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಡೆಸ್‌ನನ್ನು ವಾರ್ಡಿಗೆ ತಂದು ಹಾಕಿದರು. ಅಪಾಯ ಇನ್ನೂ ದಾಟಿಲ್ಲ, ಪಕ್ಕದಲ್ಲಿ ಯಾರಾದರೂ ಇರಲೇಬೇಕು ಎಂದರು ಡಾಕ್ಟರು. ಹಾಲ್ವರ್ ಹಾಸಿಗೆಯ ಕಂಬಿ ಹಿಡಿದು ನಿಂತ. ಇನ್ನು ಏನು ಮಾಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ.

“ಏ ಅಜ್ಜಾ! ಆ ಬಾಟಲಿ ನೋಡಿ. ಬಾಯಿ ಬಿಟ್ಕೊಂಡು ನಿಂತ್ರೆ ಅದು ತಾನಾಗೇ ತುಂಬ್ಕೊಳ್ಳುತ್ತಾ?”

ಪಕ್ಕದ ಹಾಸಿಗೆಯ ಹತ್ತಿರ ಕೂತಿದ್ದ ಹೆಂಗಸು ಕೂಗಿದ್ದಳು. ಗುಂಡಗೆ, ಅರವತ್ತರ ಆಸುಪಾಸಿನವಳು, ಹೆಸರು ಬಿಯೆನ್. ಮಾರ್ಕೆಟ್ಟಿನಲ್ಲಿ ಬಾಳೆಲೆಯಲ್ಲಿ ಸುತ್ತಿದ ಬುದ್‌ಬುದ್ ಕಡುಬು ಮಾರುವವಳು. ಎಡಗೈಯಲ್ಲಿ ಬೀಸಣಿಗೆ ಆಡಿಸುತ್ತಿದ್ದಳು, ಬಲಗೈಯಲ್ಲಿ ಹಾಸಿಗೆಯ ಮೇಲಿನ ಮುದುಕನ ಕೈ ಹಿಡಿದಿದ್ದಳು. ಬೀಸಣಿಗೆಯಿಂದಲೇ ಬಾಟಲಿ ತೋರಿಸಿ ನರ್ಸನ್ನು ಕರೆಸಿದಳು. ಆಮೇಲೆ ಹಾಸಿಗೆಯಡಿಯಿಂದ ಒಂದು ಪ್ಲಾಸ್ಟಿಕ್ ಸ್ಟೂಲನ್ನು ಕಾಲಲ್ಲಿ ನೂಕಿದಳು.

“ಕೂತ್ಕೊಳ್ಳಿ, ನೀವೂ ಬಿದ್ದರೆ ನಿಮ್ಮ ಬಂತಾಯ್ ಯಾರು ಆಗ್ತಾರೆ? ನಾನಾ? ನನಗೆ ಒಬ್ಬ ಸಾಕಪ್ಪಾ,” ಎಂದು ನಕ್ಕಳು. “ಇವರು ನಿಮಗೆ ಏನಾಗಬೇಕು, ಅಣ್ಣನಾ?”

“ಗೆಳೆಯ.”

“ಅಯ್ಯೋ, ಬರೀ ಗೆಳೆಯನಾ? ಇವರ ಹೆಂಡತಿ ಎಲ್ಲಿ?”

“ಬಿಟ್ಟು ಹೋದಳು. ಮೂರು ಜನಾನೂ.”

“ಮೂರು ಜನ ಇದ್ದೂ ಒಬ್ಬಳೂ ಇಲ್ವಾ! ಇವರು ಹೆಂಡತಿ ಸಾಕಿದ್ದು ಸರಿ ಇಲ್ಲ ಬಿಡಿ.”

ಹಾಲ್ವರನಿಗೆ ಅವತ್ತಿನ ಮೊದಲ ನಗು ಬಂತು, ಅದು ಅಳುವಿನ ಹತ್ತಿರದಲ್ಲೇ ಇತ್ತು. ಬಿಯೆನ್ ನಗುತ್ತಿದ್ದಾಗಲೂ ಮುದುಕನ ಕೈ ಬಿಟ್ಟಿರಲಿಲ್ಲ. ಆತ ಅವಳ ಅಣ್ಣ ಅಂಬೊ, ಮೀನು ಹಿಡಿಯುತ್ತಿದ್ದವನು. ಹೃದಯ ಸೋತು ಹೋಗಿತ್ತು. ಇನ್ನೇನೂ ಮಾಡುವ ಹಾಗಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಕಣ್ಣು ತೆರೆಯುತ್ತಿರಲಿಲ್ಲ. ಬೆರಳು ಮಾತ್ರ ಆಗಾಗ ತಂಗಿಯ ಅಂಗೈಯಲ್ಲಿ ತಡಕಾಡುತ್ತಿತ್ತು.

“ಇವನಿಗೆ ಸಾಯೋಕೆ ಹೆದರಿಕೆ ಇಲ್ಲ,” ಅಂದಳು ಬಿಯೆನ್, ದನಿ ತಗ್ಗಿಸಿ. “ನಮ್ಮಪ್ಪ ಒಬ್ಬನೇ ದೋಣಿ ತಗೊಂಡು ಹೋಗಿ ವಾಪಸು ಬರಲಿಲ್ಲ. ಹೋಗುವಾಗ ಯಾರನ್ನ ಕೂಗಿದನೋ ಏನೋ. ಅವತ್ತಿಂದ ಇವನಿಗೆ ಅದೊಂದೇ ಯೋಚನೆ. ‘ಬಿಯೆನ್, ನನ್ನ ಹೊತ್ತು ಬಂದಾಗ ಕೈ ಬಿಡಬೇಡ್ವೇ’ ಅಂತಾನೆ. ಬಿಟ್ಟರೆ ಗೊತ್ತಾಗಿಬಿಡುತ್ತೆ ಇವನಿಗೆ. ಅದಕ್ಕೇ ಹಿಡ್ಕೊಂಡೇ ಕೂತಿದೀನಿ. ಭುಜ ಸೆಟೆದು ಹೋಗಿದೆ ನೋಡಿ.”

ತನ್ನ ಮನಸ್ಸಿನೊಳಗಿದ್ದ ಭಯವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಹಾಲ್ವರನ ಮೈ ಜುಮ್ಮೆಂದಿತು. ಆ ಮುದುಕನಿಗಾದರೂ ಒಬ್ಬ ತಂಗಿ ಇದ್ದಾಳೆ. ತನ್ನನ್ನು ಹೀಗೆ ತಂದು ಮಲಗಿಸಿದ ದಿನ ಆ ಚಿಕ್ಕ ನರ್ಸ್ ಯಾರ ಕಡೆ ತಿರುಗಿ ಕೇಳುತ್ತಾಳೆ? ಡೆಸ್ ಉಳಿದರೆ ಡೆಸ್ ಇದ್ದಾನೆ. ಡೆಸ್ ಹೋದರೆ?

ಹೀಗೇ ಸ್ವಲ್ಪ ಹೊತ್ತು ಕಳೆಯಿತು. ಹಾಲ್ವರ್ ಮತ್ತೊಂದು ಚೀಟಿ ಹಿಡಿದು ಓಡಿದಾಗ ಬಿಯೆನ್ ಡೆಸ್‌ನ ಕಡೆಗೂ ಒಂದು ಕಣ್ಣಿಟ್ಟಿದ್ದಳು, ಮುಖದ ಬೆವರನ್ನೂ ಒರೆಸಿದ್ದಳು. ಅವನು ಬಂದ ಮೇಲೆ ಅವಳ ಸರದಿ ಬಂತು. ನರ್ಸ್ ಅವಳಿಗೂ ಚೀಟಿ ಕೊಟ್ಟಳು.

“ಸೊಸೆ ಬರ್ತೀನಿ ಅಂದಳು, ಇನ್ನೂ ಬಂದಿಲ್ಲ ಹಾಳಾದವಳು. ಅಜ್ಜಾ, ನಾನು ಅಂಗಡಿಗೆ ಹೋಗಿ ಬಂದುಬಿಡ್ತೀನಿ. ಇವನ ಕೈ ಹಿಡ್ಕೊಂಡಿರ್ತೀರಾ? ಹೆಂಗಸಿನ ಕೈಯೋ ಗಂಡಸಿನ ಕೈಯೋ ಅವನಿಗೇನೂ ಗೊತ್ತಾಗಲ್ಲ. ಬಿಡಬೇಡಿ, ಅಷ್ಟೇ.”

“ಬಿಡಲ್ಲ. ಹೋಗಿ ಬನ್ನಿ.”

ಅವಳು ಎದ್ದು ಅಣ್ಣನ ಕೈಯನ್ನು ಅವನ ಕೈಗೆ ದಾಟಿಸಿದಳು, ನಿದ್ದೆ ಹೋದ ಕೂಸನ್ನು ದಾಟಿಸುವ ಹಾಗೆ. ಹಾಲ್ವರ್ ಎರಡು ಹಾಸಿಗೆಗಳ ನಡುವೆ ಸ್ಟೂಲು ಎಳೆದುಕೊಂಡು ಕೂತ. ಅಂಬೊನ ಅಂಗೈ ಒರಟಾಗಿತ್ತು, ಬಲೆಯ ಹಗ್ಗ ಎಳೆದು ಎಳೆದು ಗೀರು ಬಿದ್ದಿತ್ತು. ಬೆರಳುಗಳು ತಣ್ಣಗಿದ್ದವು. ಸ್ವಲ್ಪ ಹೊತ್ತಿಗೆ ಅವು ಹಾಲ್ವರನ ಹೆಬ್ಬೆರಳನ್ನು ಸುತ್ತಿಕೊಂಡು ಸುಮ್ಮನಾದವು. ಪರವಾಗಿಲ್ಲ, ಈ ಕೆಲಸ ನನ್ನಿಂದಲೂ ಆಗುತ್ತದೆ ಎಂದು ಅವನಿಗೆ ತುಸು ಧೈರ್ಯ ಬಂತು.

ಆಗ ಬೆನ್ನ ಹಿಂದೆ ಡೆಸ್ ನರಳಿದ.

ತಿರುಗಿ ನೋಡಿದರೆ ಡೆಸ್‌ನ ಕಣ್ಣು ಅಗಲಕ್ಕೆ ತೆರೆದಿತ್ತು. ತುಟಿ ನೀಲಿಗಟ್ಟಿತ್ತು. ಮಿಷನ್ನು ಕೀಚ್ ಕೀಚ್ ಎಂದು ಬಡಿದುಕೊಳ್ಳಲು ಶುರುಮಾಡಿತು. “ಹಾಲ್,” ಅಂದ, “ಹಾಲ್, ನಾನು...” ಮುಂದಿನ ಮಾತು ಹೊರಡಲಿಲ್ಲ. ಹಾಲ್ವರನ ಜೀವ ಬಾಯಿಗೆ ಬಂತು. ಸ್ಟೂಲು ಉರುಳುವ ಹಾಗೆ ಎದ್ದ, ನರ್ಸ್ ನರ್ಸ್ ಎಂದು ಕಿರುಚಿದ. ಡೆಸ್‌ನ ಕೈಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದುಕೊಂಡ. ಹೋಗಬೇಡ, ನನ್ನ ಒಬ್ಬನ್ನೇ ಬಿಟ್ಟು ಹೋಗಬೇಡ ಕಣೋ ಎಂದು ಅವನು ಯಾವ ಭಾಷೆಯಲ್ಲಿ ಕೂಗಿದನೋ ಅವನಿಗೇ ತಿಳಿಯದು. ನರ್ಸ್ ಬಂದಳು, ಹಿಂದೆಯೇ ಡಾಕ್ಟರ್ ಬಂದರು, ಕೊಳವೆಗೆ ಔಷಧಿ ಹಾಕಿದರು, ಮೂಗಿಗೆ ಮುಖವಾಡ ಇಟ್ಟರು. ಡೆಸ್‌ನ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಮಿಷನ್ನಿನ ಸದ್ದು ಒಂದು ಲಯಕ್ಕೆ ಬಂತು. “ಈಗ ಪರವಾಗಿಲ್ಲ,” ಅಂದರು ಡಾಕ್ಟರ್. ಅವರು ಹೋದ ಮೇಲೂ ಹಾಲ್ವರ್ ಕೈ ಸಡಿಲಿಸಲಿಲ್ಲ. ಬಿಟ್ಟ ಕೂಡಲೇ ಆ ಎದೆ ನಿಂತುಹೋಗುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಹಾಗೇ ಎಷ್ಟು ಹೊತ್ತು ನಿಂತಿದ್ದನೋ.

ಅಂಬೊನ ನೆನಪಾಗಿ ತಿರುಗಿದಾಗ ಆ ಮುದುಕನ ಕೈ ಹಾಸಿಗೆಯ ಅಂಚಿನಿಂದ ಕೆಳಗೆ ತೂಗಾಡುತ್ತಿತ್ತು. ಅಂಗೈ ಬಿಚ್ಚಿಕೊಂಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ಹಾಲ್ವರ್ ಆ ಕೈಯನ್ನು ಎತ್ತಿಕೊಂಡ. ಬೆರಳುಗಳು ಏನನ್ನೂ ಸುತ್ತಿಕೊಳ್ಳಲಿಲ್ಲ. ಒತ್ತಿ ನೋಡಿದ, ಉಜ್ಜಿ ನೋಡಿದ. “ನರ್ಸ್,” ಎಂದು ಕರೆದ. ಅವರು ಬಂದು ನೋಡಿ, ಪರದೆ ಎಳೆದು, ಅವನನ್ನು ಮೆಲ್ಲಗೆ ಆಚೆ ಸರಿಸಿದರು. ಮೂರು ಹೆಜ್ಜೆಯೂ ಇಲ್ಲದಷ್ಟು ಹತ್ತಿರದಲ್ಲಿ, ತನ್ನ ಬೆನ್ನ ಹಿಂದೆ, ಒಬ್ಬ ಮನುಷ್ಯ ಕೈ ತಡಕಾಡುತ್ತಾ ಹೋಗಿದ್ದ. ಊರು ಚಿಕ್ಕದಾದರೆ ಸಾಕು, ಜನ ಹತ್ತಿರವಿದ್ದರೆ ಸಾಕು ಎಂದುಕೊಂಡಿದ್ದನಲ್ಲ ಇವನು!

ಬಿಯೆನ್ ಬಂದಳು. ಒಂದು ಕೈಯಲ್ಲಿ ಔಷಧಿ, ಇನ್ನೊಂದರಲ್ಲಿ ಬಾಳೆಲೆಯ ಪೊಟ್ಟಣ. “ನಿಮಗೂ ಒಂದು ತಂದೆ ಅಜ್ಜಾ, ಮಧ್ಯಾಹ್ನದಿಂದ ಹೊಟ್ಟೆಗೇನೂ...” ಎನ್ನುತ್ತಿದ್ದವಳು ಪರದೆ ನೋಡಿ ನಿಂತಳು. ಒಳಗೆ ಹೋದಳು. ಅಳು ಕೇಳಿಸಿತು. ಬಾಯಿ ಮಾಡುವ ಹೆಂಗಸು ಎಷ್ಟು ಮೆಲ್ಲಗೆ ಅತ್ತಳು ಎಂದರೆ ಅದನ್ನು ಕೇಳುವುದು ಹಾಲ್ವರನಿಗೆ ಇನ್ನೂ ಕಷ್ಟವಾಯಿತು. ಓಡಿಹೋಗಬೇಕು ಅನ್ನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಹೊರಗೆ ಬಂದು ಅವನ ಎದುರು ನಿಂತಳು.

“ಕೈ ಹಿಡ್ಕೊಂಡಿದ್ರಾ?”

“ಹಿಡ್ಕೊಂಡಿದ್ದೆ.”

“ಕೊನೇ ತನಕ?”

ಹಾಲ್ವರ್ ಅವಳ ಕಣ್ಣು ನೋಡಿದ. ನಿಜ ಹೇಳುವ ಧೈರ್ಯ ಅವನಿಗಿರಲಿಲ್ಲ. ಹೇಳಿದರೆ ಅವಳಿಗೆ ಆಗುವ ನೋವನ್ನು ನೋಡುವ ಧೈರ್ಯವಂತೂ ಇರಲೇ ಇಲ್ಲ. “ಕೊನೇ ತನಕ,” ಅಂದ.

ಬಿಯೆನ್ ಬಗ್ಗಿದಳು. ಅವನ ಬಲಗೈಯನ್ನು ಎತ್ತಿ, ಇಲ್ಲಿನವರು ಮನೆಯ ಹಿರಿಯರಿಂದ ಆಶೀರ್ವಾದ ಪಡೆಯುವ ಹಾಗೆ ತನ್ನ ಹಣೆಗೆ ಒತ್ತಿಕೊಂಡಳು. ಅವಳ ಹಣೆ ಬೆವರಿನಿಂದ ಒದ್ದೆಯಾಗಿತ್ತು. ಆ ಕೈಯನ್ನು ಕಿತ್ತುಕೊಳ್ಳಬೇಕು ಅನ್ನಿಸಿದರೂ ಅವನು ಸುಮ್ಮನೆ ನಿಂತ. “ದೇವರು ನಿಮಗೂ ಯಾರನ್ನಾದರೂ ಕೊಡಲಿ ಅಜ್ಜಾ,” ಅಂದಳು. ಆಮೇಲೆ ಸೊಸೆ ಬಂದಳು, ಗಂಡಸರು ಬಂದರು, ಅಂಬೊನನ್ನು ಕೊಂಡೊಯ್ದರು. ಹಾಸಿಗೆಯ ಚಾದರ ಬದಲಾಯಿತು. ಬುದ್‌ಬುದ್ ಪೊಟ್ಟಣ ಸ್ಟೂಲಿನ ಮೇಲೆ ಹಾಗೇ ಉಳಿಯಿತು. ಹಾಲ್ವರನಿಗೆ ಅದನ್ನು ಮುಟ್ಟಲಾಗಲಿಲ್ಲ, ಎಸೆಯಲೂ ಆಗಲಿಲ್ಲ.

ಬೆಳಗಾದಾಗ ಡೆಸ್‌ನ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಮುಖವಾಡ ತೆಗೆದಿದ್ದರು. ಕಿಟಕಿಯಲ್ಲಿ ಬಿಸಿಲು ಬಂದಿತ್ತು, ವಾರ್ಡಿನಲ್ಲಿ ಬಂತಾಯ್‌ಗಳು ಚಾಪೆ ಸುತ್ತಿಡುತ್ತಾ ಒಬ್ಬರಿಗೊಬ್ಬರು ಬಿಸಿನೀರು ಬಗ್ಗಿಸಿಕೊಡುತ್ತಿದ್ದರು. ಡೆಸ್ ಸುತ್ತ ನೋಡಿದ.

“ಹತ್ತಕ್ಕೆ ಹತ್ತು ಮಾರಾಯ,” ಅಂದ, ದನಿ ಬಡವಾಗಿತ್ತು, ಜಂಬಕ್ಕೆ ಮಾತ್ರ ಏನೂ ಕೊರತೆ ಇರಲಿಲ್ಲ. “ನಾನು ಹೇಳಿರಲಿಲ್ವಾ? ಈ ಆಸ್ಪತ್ರೆಗೆ ಹತ್ತಕ್ಕೆ ಹತ್ತು. ನಾನು ಇಲ್ಲೇ ಇರೋನು. ನೀನು ಹೋಗು ನಿನ್ನ ರೋಹಾಸ್‌ಗೆ, ಏಡಿ ಹಿಡಿ.”

ಹಾಲ್ವರ್ ಪಕ್ಕದ ಖಾಲಿ ಹಾಸಿಗೆಯನ್ನು ನೋಡುತ್ತಿದ್ದ. “ಅಲ್ಲೊಬ್ಬ ಇದ್ದ ನಿನ್ನೆ,” ಅಂದ. “ಅವನ ತಂಗಿ ಅವನ ಕೈಯನ್ನ ನನಗೆ ಕೊಟ್ಟು ಹೋಗಿದ್ದಳು. ನೀನು ನರಳಿದೆ. ಬಿಟ್ಟೆ.”

“ಏನು ಮಾಡೋಕಾಗುತ್ತೆ? ನಾನು ಸಾಯ್ತಿದ್ದೆ.”

“ನನಗೆ ಎರಡು ಕೈ ಇತ್ತು ಡೆಸ್. ಅವನ ಹಾಸಿಗೆ ಇಲ್ಲೇ ಇತ್ತು ನೋಡು, ಕೈ ಚಾಚಿದರೆ ಎಟುಕುತ್ತಿತ್ತು. ಒಂದರಲ್ಲಿ ನಿನ್ನನ್ನ, ಒಂದರಲ್ಲಿ ಅವನನ್ನ ಹಿಡ್ಕೊಬಹುದಿತ್ತು. ಎರಡೂ ಕೈಯಲ್ಲಿ ನಿನ್ನೇ ಹಿಡ್ಕೊಂಡೆ. ನಿನಗೋಸ್ಕರ ಅಲ್ಲ. ನೀನು ಹೋದ್ರೆ ನನಗೆ ಯಾರೂ ಇಲ್ವಲ್ಲ ಅಂತ.”

ಡೆಸ್ ಆ ಖಾಲಿ ಹಾಸಿಗೆಯ ಕಡೆ ತಲೆ ತಿರುಗಿಸಿದ.

“ಹಾಗಾದ್ರೆ ನೀನೂ ಇಲ್ಲೇ ಇರ್ತೀಯಾ?” ಅಂದ.

“ಇರ್ತೀನಿ. ಯಾವ ಊರಾದ್ರೂ ಸರಿ, ನೀನಿರೋ ಊರು. ಒಂದು ಷರತ್ತು. ಮೊದಲು ಹೋಗೋನು ನಾನು.”

ಡೆಸ್ ನಗಲು ಹೋದ. ಎದೆ ಒತ್ತಿಕೊಂಡು ಅರ್ಧಕ್ಕೆ ನಿಲ್ಲಿಸಿದ. ಹಾಲ್ವರನ ಮುಖದಲ್ಲಿ ನಗುವಿರಲಿಲ್ಲ. ಡೆಸ್ ಕೈ ಚಾಚಿ ಅವನ ಮಣಿಕಟ್ಟನ್ನು ಹಿಡಿದುಕೊಂಡ, ಉಗುರು ನೆಡುವಷ್ಟು ಬಿಗಿಯಾಗಿ.

“ನೀನು ಮೊದಲು ಹೋದ್ರೆ,” ಅಂದ, “ಆಮೇಲೆ ನನಗೆ ಯಾರೋ?”